ಒಂದೇ ಒಂದು ಕಡ್ಡಿ

ಕೆಲವರಿಗೆ ಹಾಡು ಬರುವುದಿಲ್ಲ, ಕೆಲವರಿಗೆ ಈಜು ಬರುವುದಿಲ್ಲ. ನನಗೆ ‘ಇಲ್ಲ’ ಅನ್ನುವುದು ಬರುವುದಿಲ್ಲ. ಇದನ್ನು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿದ್ದೇನೆ ಅಂತ ತಿಳಿಯಬೇಡಿ ಮಕ್ಕಳೇ. ಒಳ್ಳೆಯತನದಿಂದ ಇಲ್ಲ ಅನ್ನದವರು ಬೇರೆ, ಸಂಕೋಚದಿಂದ ಇಲ್ಲ ಅನ್ನದವರು ಬೇರೆ. ನಾನು ಎರಡನೆಯ ಗುಂಪು. ಎದುರಿಗೆ ನಿಂತವರು ಏನಾದರೂ ಕೇಳಿದರೆ ನನ್ನ ತಲೆ ನನ್ನನ್ನು ಒಂದು ಮಾತೂ ಕೇಳದೆ ಹೂಂ ಎಂದು ಅಲ್ಲಾಡಿಬಿಡುತ್ತದೆ. ತಲೆ ಒಪ್ಪಿಕೊಂಡದ್ದನ್ನೆಲ್ಲ ಆಮೇಲೆ ಕೈಕಾಲುಗಳು ಮಾಡಿ ಮುಗಿಸಬೇಕು.

ಮದುವೆಯಾಗಿ ಮಾಗಡಿ ಕಡೆಯ ಹಳ್ಳಿಯಿಂದ ಈ ಚಾಮರಾಜಪೇಟೆಯ ಮನೆಗೆ ಬಂದ ಮೊದಲ ದಿನ ನಮ್ಮತ್ತೆ ಎಲೆಯ ಮುಂದೆ ನಿಂತು “ಇನ್ನೊಂದು ಹೋಳಿಗೆ ಹಾಕ್ಲಾ?” ಎಂದು ಕೇಳಿದರು. ನಾನು ತಲೆಯಾಡಿಸಿದೆ. ಹೀಗೆ ಐದು ಸಲ ಕೇಳಿದರು. ನಮ್ಮ ಸೊಸೆಗೆ ಹೋಳಿಗೆ ಎಂದರೆ ಪ್ರಾಣ ಎಂದು ಅಂದೇ ಬೀದಿಗೆಲ್ಲ ಸುದ್ದಿಯಾಯಿತು. ಆಮೇಲೆ ಅತ್ತೆ ಇದ್ದಷ್ಟು ವರ್ಷವೂ ಹಬ್ಬ ಬಂದರೆ ನನ್ನ ಎಲೆಗೆ ಐದು ಹೋಳಿಗೆ ತಪ್ಪಲಿಲ್ಲ. ನನಗೆ ಹೋಳಿಗೆ ಸೇರುವುದಿಲ್ಲ ಎನ್ನುವುದು ನಿಮ್ಮ ತಾತನಿಗೆ ಮಾತ್ರ ಗೊತ್ತಿತ್ತು. ಅತ್ತೆ ತುಪ್ಪ ತರಲು ಒಳಗೆ ಹೋದಾಗ ಅವರು ಸದ್ದಿಲ್ಲದೆ ನನ್ನ ಎಲೆಯಿಂದ ಮೂರನ್ನು ತಮ್ಮ ಎಲೆಗೆ ಎಳೆದುಕೊಳ್ಳುತ್ತಿದ್ದರು. ಅವರ ಸಕ್ಕರೆ ಕಾಯಿಲೆಗೆ ಡಾಕ್ಟರು ಏನೇನೋ ಕಾರಣ ಹೇಳಿದರು. ನನಗೆ ಬೇರೆಯೇ ಅನುಮಾನವಿದೆ.

ನಿಮ್ಮ ತಾತನಿಗೆ ಇಲ್ಲ ಅನ್ನುವುದು ಬಹಳ ಚೆನ್ನಾಗಿ ಬರುತ್ತಿತ್ತು. ಮನೆ ಬಾಗಿಲಿಗೆ ಮಾರುವವರು ಬಂದರೆ ಅವರು ಚೀಲ ಬಿಚ್ಚುವ ಮೊದಲೇ “ಬೇಡಪ್ಪಾ” ಎನ್ನುತ್ತಿದ್ದರು. ಎಷ್ಟು ಹಿತವಾಗಿ ಎನ್ನುತ್ತಿದ್ದರೆಂದರೆ ಬಂದವನು ಏನೋ ಸಿಕ್ಕಿತೆನ್ನುವ ಹಾಗೆ ನಗುತ್ತಾ ಹೋಗುತ್ತಿದ್ದ. ಅವರು ತೀರಿಕೊಂಡ ಮೇಲೆ ಬಾಗಿಲು ನನ್ನ ಪಾಲಿಗೆ ಬಂತು. ಈಗ ನಮ್ಮ ದೇವರ ಮನೆಯಲ್ಲಿ ಸೇರಿರುವ ಊದುಬತ್ತಿಯ ಕಟ್ಟುಗಳನ್ನೆಲ್ಲ ಹಚ್ಚಿ ಮುಗಿಸುವಷ್ಟರಲ್ಲಿ ದೇವರಿಗೂ ಕೆಮ್ಮು ಹಿಡಿಯುತ್ತದೆ.

ಈ ನನ್ನ ದೌರ್ಬಲ್ಯ ಮನೆಯೊಳಗೆ ಇರುವ ತನಕ ಯಾರಿಗೂ ತೊಂದರೆಯಿರಲಿಲ್ಲ. ಹೋದ ಚಳಿಗಾಲದಲ್ಲಿ ಅದು ಬಸವನಗುಡಿಯ ಮೈದಾನದವರೆಗೂ ಹೋಗಿ ಮೂರು ಮಕ್ಕಳ ಇಡೀ ವರ್ಷದ ದುಡಿಮೆಯ ಮೇಲೆ ಕೂತುಬಿಟ್ಟಿತು. ನಿಮ್ಮೆಲ್ಲರಿಗಿಂತ ದೊಡ್ಡವಳಾದ ಸ್ಫೂರ್ತಿ ಆ ಕಥೆಯನ್ನು ಮನೆಯಲ್ಲಿ ಯಾವ ಸಮಾರಂಭ ನಡೆದರೂ ಹೇಳುತ್ತಾಳೆ. ಪ್ರತಿ ಸಲವೂ ಅವಳ ಕಥೆಯೊಳಗೆ ಸಾಲಿನಲ್ಲಿ ನಿಂತ ಹೆಂಗಸರು ಹೆಚ್ಚಾಗುತ್ತಾರೆ. ಮೊನ್ನೆಯ ನಾಮಕರಣದಲ್ಲಿ ಸಾಲು ಬಸ್ ಸ್ಟಾಪು ದಾಟಿತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡೋಣವೆಂದು ಕೂತಿದ್ದೇನೆ.

ಸ್ಫೂರ್ತಿ ಓದುತ್ತಿರುವುದು ತೋಟಗಾರಿಕೆ. ಅವಳ ಅಪ್ಪ, ಅಂದರೆ ನನ್ನ ದೊಡ್ಡ ಮಗ ಮಂಜುನಾಥ, ಬ್ಯಾಂಕಿನವನು. ಗಿಡ ನೆಡುವುದಕ್ಕೆ ನಾಲ್ಕು ವರ್ಷ ಕಾಲೇಜು ಯಾಕೆ, ನಮ್ಮಮ್ಮ ಏಳನೇ ಕ್ಲಾಸಿಗೇ ನೆಡುತ್ತಿರಲಿಲ್ಲವೇ ಎನ್ನುವುದು ಅವನ ವಾದ. ಆ ವಾದದಲ್ಲಿ ನನ್ನನ್ನು ಸಾಕ್ಷಿಗೆ ಕರೆಯುತ್ತಾನೆ, ನಾನು ಹೂಂ ಎನ್ನುತ್ತೇನೆ. ಸ್ಫೂರ್ತಿ ಬಂದು ತೋಟ ವಿನ್ಯಾಸ ಮಾಡುವುದು ಒಂದು ವಿದ್ಯೆ ಅಲ್ಲವಾ ಅಜ್ಜಿ ಎನ್ನುತ್ತಾಳೆ, ಅದಕ್ಕೂ ಹೂಂ ಎನ್ನುತ್ತೇನೆ. ಹೀಗೆ ಅಪ್ಪ ಮಗಳ ಜಗಳದಲ್ಲಿ ಎರಡೂ ಕಡೆಗೆ ನಾನೇ ಬಲ. ಈ ಓದು ಮುಗಿದ ಮೇಲೆ ತೋಟ ವಿನ್ಯಾಸವನ್ನೇ ಇನ್ನೂ ಮುಂದಕ್ಕೆ ಓದಬೇಕೆಂದು ಅವಳಿಗೆ ಆಸೆ. ಅವನು ಅವೆನ್ಯೂ ರಸ್ತೆಗೆ ಹೋಗಿ ಬ್ಯಾಂಕ್ ಪರೀಕ್ಷೆಯ ದಪ್ಪ ಪುಸ್ತಕವೊಂದನ್ನು ತಂದು ಟೀವಿ ಪಕ್ಕದಲ್ಲಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಟ್ಟ. ಕೊನೆಗೆ ಒಂದು ಒಪ್ಪಂದವಾಯಿತು. ಬಸವನಗುಡಿಯಲ್ಲಿ ತೋಟಗಾರಿಕೆ ಪ್ರದರ್ಶನ ನಡೆಯುತ್ತದೆ, ಅದರಲ್ಲಿ ಬೇರೆ ಬೇರೆ ಕಾಲೇಜಿನ ಮಕ್ಕಳು ತೋಟ ಕಟ್ಟುತ್ತಾರೆ, ತೀರ್ಪುಗಾರರು ಕೊಡುವ ಅಂಕವೇ ಕೊನೆಯ ವರ್ಷದ ಅಂಕ. ಅಪ್ಪ ಬಂದು ತೋಟ ನೋಡಬೇಕು, ಆಮೇಲೆ ಮಾತು. ತೋಟ ಚೆನ್ನಾಗಿದ್ದರೆ ಅವಳ ಓದು, ಇಲ್ಲವಾದರೆ ಟೀವಿ ಪಕ್ಕದ ಪುಸ್ತಕ.

ತೋಟ ‘ಕಟ್ಟುತ್ತಾರೆ’ ಎಂದಾಗ ನನಗೆ ಅರ್ಥವಾಗಲಿಲ್ಲ. ಗೋಡೆ ಕಟ್ಟುತ್ತಾರೆ, ಹೂವು ಕಟ್ಟುತ್ತಾರೆ. ತೋಟ ಬೆಳೆಯಬೇಕಲ್ಲ? ಸ್ಫೂರ್ತಿಯ ಜೊತೆ ಇನ್ನಿಬ್ಬರು ಇದ್ದರು. ಶ್ರೀರಾಂಪುರದ ಚೇತನ್ ಮತ್ತು ಕಲಾಸಿಪಾಳ್ಯದಲ್ಲಿ ತಂದೆಯ ತರಕಾರಿ ಮಂಡಿಯಿರುವ ಫೈಜಲ್. ಚೇತನ್ ನನ್ನನ್ನು ಕೂರಿಸಿ ವಿವರಿಸಿದ. ಒಂದೊಂದು ಕಾಲೇಜಿಗೆ ನಮ್ಮ ನಡುಮನೆ, ಅಡುಗೆಮನೆ ಸೇರಿದಷ್ಟು ಜಾಗ ಕೊಡುತ್ತಾರಂತೆ. ನಾಲ್ಕು ದಿನದಲ್ಲಿ ಅಲ್ಲಿ ಹತ್ತು ವರ್ಷದಿಂದ ಇದ್ದ ಹಾಗೆ ಕಾಣುವ ತೋಟ ಎಬ್ಬಿಸಬೇಕು. ಜನ ಒಂದು ದಿನ ನೋಡುತ್ತಾರೆ. ಅಂದೇ ಸಂಜೆ ಕಿತ್ತು ಹಾಕಬೇಕು. ಹಾಗಾದರೆ ಕಾಯಿ ಬಿಡುವುದು ಯಾವಾಗಪ್ಪಾ ಎಂದು ಕೇಳಿದೆ. ಅವನು ನಗಲಿಲ್ಲ, ಪಾಪ, ಪುಸ್ತಕದಲ್ಲಿ ಬರೆದುಕೊಂಡ.

ಬರೆದುಕೊಂಡದ್ದಕ್ಕೆ ಕಾರಣವಿತ್ತು. ಅವರ ತೋಟದ ಹೆಸರೇ ‘ಅಜ್ಜಿಯ ಹಿತ್ತಲು’. ಬೇರೆ ಕಾಲೇಜಿನವರು ಜಪಾನಿನ ತೋಟ, ಮರುಭೂಮಿಯ ತೋಟ ಎಂದೆಲ್ಲ ಮಾಡುವಾಗ ಇವರು ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ನೀರು ಹರಿಯುವ ಕಾಲುವೆ, ಕಾಲುವೆಯ ಪಕ್ಕ ಒಂದೆಲಗ, ಕೊನೆಗೆ ಒಂದು ಬಾಳೆ, ಸುತ್ತ ದೊಡ್ಡಪತ್ರೆ, ಬಸಳೆ, ಕನಕಾಂಬರ, ಗೋರಂಟಿ ಎಂದು ಹೊರಟಿದ್ದರು. ನಮ್ಮ ಮನೆಯ ಹಿತ್ತಲು ಈಗ ಎರಡು ಸ್ಕೂಟರ್ ನಿಲ್ಲುವ ಜಾಗ. ಉಳಿದಿರುವುದು ಒಂದು ತುಳಸಿ ಕಟ್ಟೆ ಮತ್ತು ಒಂದು ಖಾಲಿ ಕುಂಡ. ಹಾಗಾಗಿ ಹಿತ್ತಲಿನ ವಿಷಯಕ್ಕೆ ಇಡೀ ಮನೆಯಲ್ಲಿ ನಾನೊಬ್ಬಳೇ ಪುಸ್ತಕ. ಅಜ್ಜಿ, ಕಲ್ಲಿನ ಹತ್ತಿರ ಏನಿರ್ತಿತ್ತು? ಪಾಚಿ. ಪಾಚಿಯ ಹತ್ತಿರ? ನಾನು ಜಾರಿ ಬಿದ್ದಿರುತ್ತಿದ್ದೆ. ಅದನ್ನೂ ಬರೆದುಕೊಂಡರು. ಗಿಡಗಳನ್ನು ನಾಲ್ಕು ತಿಂಗಳ ಮೊದಲೇ ಕಾಲೇಜಿನಲ್ಲಿ ತಾವೇ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳೆಸಿದರು. ನಾನು ಹುಟ್ಟಿಬೆಳೆದ ಊರಿನ ಹಿತ್ತಲಿಗೆ ಯಾರೂ ಅಷ್ಟು ನಿಗಾ ಕೊಟ್ಟಿರಲಿಲ್ಲ. ಅಲ್ಲಿ ಗಿಡಗಳು ತಾವಾಗಿಯೇ ಹುಟ್ಟಿ, ಆಡಿನ ಬಾಯಿಗೆ ಸಿಕ್ಕಿ, ಮತ್ತೆ ತಾವಾಗಿಯೇ ಹುಟ್ಟುತ್ತಿದ್ದವು.

ನಾಲ್ಕು ದಿನ ಅವರು ಮೈದಾನದಲ್ಲಿ ಪಟ್ಟ ಪಾಡನ್ನು ದಿನಾ ಮಧ್ಯಾಹ್ನ ಬುತ್ತಿ ಹಿಡಿದು ಹೋಗಿ ನೋಡಿದ್ದೇನೆ. ನೀರು ಸರಿಯಾಗಿ ಇಳಿಯಲೆಂದು ಕಾಲುವೆಯನ್ನು ಮೂರು ಸಲ ಅಗೆದರು. ಪೊರಕೆಯನ್ನು ಗೋಡೆಗೆ ಎಡಕ್ಕೆ ಒರಗಿಸಬೇಕೋ ಬಲಕ್ಕೋ ಎಂದು ಸ್ಫೂರ್ತಿಗೂ ಫೈಜಲ್‌ಗೂ ಅರ್ಧ ಗಂಟೆ ವಾದ. ಪ್ಲಾಸ್ಟಿಕ್ ಚೀಲಗಳನ್ನು ಚೀಲದ ಸಮೇತ ಗುಂಡಿಯಲ್ಲಿಟ್ಟು ಮೇಲೆ ತೆಂಗಿನ ನಾರಿನ ಪುಡಿಯನ್ನೂ ಕೆಂಪು ಮಣ್ಣನ್ನೂ ಮುಚ್ಚಿದರು. ಕೊನೆಯ ದಿನ ಸಂಜೆ ನೋಡಿದರೆ, ನನ್ನಾಣೆ, ಅದು ಹಿತ್ತಲೇ. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಿದ್ದೆ, ಜಾರುತ್ತದೆಂದು.

ತೀರ್ಪಿನ ದಿನ ಶನಿವಾರ. ಜನರನ್ನು ಬೆಳಿಗ್ಗೆ ಹತ್ತಕ್ಕೆ ಬಿಡುತ್ತಾರೆ, ತೀರ್ಪುಗಾರರು ನಾಲ್ಕಕ್ಕೆ ಬರುತ್ತಾರೆ. ಮಂಜುನಾಥನೂ ನಾಲ್ಕಕ್ಕೆ ಬರುತ್ತೇನೆಂದಿದ್ದ. ನಾನು ಚಿತ್ರಾನ್ನ ಮಾಡಿಕೊಂಡು ಹೋದಾಗ ಮೂರೂ ಜನ ತಲೆಗೆ ಕೈ ಹೊತ್ತು ಕೂತಿದ್ದರು. ಕಾಲುವೆಯ ಪುಟ್ಟ ಪಂಪು ಕೆಟ್ಟಿತ್ತು. ಕಲ್ಲಿನ ಮೇಲೆ ನೀರು ಬೀಳದಿದ್ದರೆ ಒಂದೆಲಗಕ್ಕೂ ಬಾಳೆಗೂ ಅಲ್ಲಿರುವುದಕ್ಕೆ ಕಾರಣವೇ ಇಲ್ಲವಂತೆ. ಫೈಜಲ್‌ಗೆ ಪಂಪಿನ ಅಂಗಡಿ ಗೊತ್ತು, ಚೇತನ್‌ಗೆ ಪಂಪಿನ ಅಳತೆ ಗೊತ್ತು, ಸ್ಫೂರ್ತಿಗೆ ಇಬ್ಬರನ್ನೂ ನಂಬಿ ಕಳಿಸುವಷ್ಟು ಧೈರ್ಯವಿಲ್ಲ. ಮೂವರೂ ಕಲಾಸಿಪಾಳ್ಯಕ್ಕೆ ಹೊರಟರು. ಸ್ಫೂರ್ತಿ ನನ್ನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದಳು.

“ಒಂದೇ ಒಂದು ಗಂಟೆ ಅಜ್ಜಿ. ಯಾರೂ ಏನೂ ಮುಟ್ಟದ ಹಾಗೆ ನೋಡ್ಕೋ. ಅಷ್ಟೇ.”

ಹೂಂ ಎಂದೆ.

ಮೊದಲು ಬಂದವರು ನನ್ನಷ್ಟೇ ವಯಸ್ಸಿನ ಒಬ್ಬರು. ಕೈಯಲ್ಲಿ ಬಟ್ಟೆ ಚೀಲ, ಮುಖದಲ್ಲಿ ನಗು. ಹೆಸರು ಶಾರದಮ್ಮ ಎಂದರು, ಮನೆ ಗುಡಿಯ ಹಿಂದಿನ ಬೀದಿ, ಯಜಮಾನರಿಗೆ ಮರೆವು ಜಾಸ್ತಿ. ನಾನೇನೂ ಕೇಳಿರಲಿಲ್ಲ. ನನ್ನ ಮುಖ ನೋಡಿದರೆ ಜನಕ್ಕೆ ಹೇಳಬೇಕೆನಿಸುತ್ತದೆ. ಆಮೇಲೆ ಅವರು ಕಾಲುವೆಯ ಕಡೆ ಬಗ್ಗಿದರು.

“ಒಂದೆಲಗ ಅಲ್ವಾ ಇದು? ನಮ್ಮನೇಲಿ ಎಷ್ಟು ಸಲ ಹಾಕಿದ್ರೂ ಹಿಡೀತಿಲ್ಲ ನೋಡಿ. ಒಂದೇ ಒಂದು ಕಡ್ಡಿ ಕೊಡ್ತೀರಾ? ನಿಮ್ಮ ಹೆಸರು ಹೇಳ್ಕೊಂಡು ಹಾಕ್ತೀನಿ.”

ಒಂದೆಲಗಕ್ಕೆ ಕಡ್ಡಿಯೇ ಇಲ್ಲ, ಅದು ನೆಲದ ಮೇಲೆ ಹಬ್ಬುವ ಬಳ್ಳಿ. ಆದರೆ ನಮ್ಮಲ್ಲಿ ಗಿಡ ಬೇಕಾದವರು ಯಾರೂ ಗಿಡ ಕೊಡಿ ಎನ್ನುವುದಿಲ್ಲ. ಕಡ್ಡಿ ಕೊಡಿ ಎನ್ನುತ್ತಾರೆ, ಅದೂ ಒಂದೇ ಒಂದು. ಅಷ್ಟು ಚಿಕ್ಕದಾಗಿ ಕೇಳಿದರೆ ಇಲ್ಲ ಅನ್ನುವುದಾದರೂ ಹೇಗೆ? ಹೆಣ್ಣುಮಗಳು ಬಾಗಿಲಿಗೆ ಬಂದು ಕಡ್ಡಿ ಕೇಳಿ ಬರಿಗೈಯಲ್ಲಿ ಹೋದರೆ ಗಿಡ ಮುನಿಸಿಕೊಂಡು ಒಣಗುತ್ತದೆ ಎಂದು ನನ್ನಮ್ಮ ಹೇಳುತ್ತಿದ್ದಳು. ಒಂದು ಎಳೆ ಹೋದರೆ ತೋಟಕ್ಕೇನು ಎಂದು ನಾನು ತಲೆಯಾಡಿಸಿದೆ. ಶಾರದಮ್ಮ ಎಳೆದರು. ಎಳೆಯ ಹಿಂದೆ ಬೇರು ಬಂತು, ಬೇರಿನ ಹಿಂದೆ ಮಣ್ಣು ಬಂತು, ಮಣ್ಣಿನ ಹಿಂದೆ ಅಗಲವಾದ ಕಪ್ಪು ಪ್ಲಾಸ್ಟಿಕ್ ಚೀಲ ಪೂರ್ತಿ ಎದ್ದು ಬಂತು. ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದೆವು.

“ಅಯ್ಯೋ, ಪ್ಯಾಕ್ ಮಾಡೇ ಇಟ್ಟಿದೀರಲ್ಲ” ಎಂದರು ಶಾರದಮ್ಮ. “ಎಷ್ಟು ಅನುಕೂಲ.”

ಅಲ್ಲಿಂದಾಚೆಗೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಅವರು ಚೀಲ ಹಿಡಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಇನ್ನಿಬ್ಬರು ಬಂದು ದೊಡ್ಡಪತ್ರೆ ಕೇಳಿದರು. ಒಬ್ಬರ ಮೊಮ್ಮಗುವಿಗೆ ಕೆಮ್ಮು. ಕೆಮ್ಮುವ ಮಗುವಿಗೆ ಇಲ್ಲ ಅನ್ನಲಾದೀತೇ? ಇನ್ನೊಬ್ಬರ ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ, ಆದರೆ ಪಕ್ಕದವರಿಗೆ ಕೊಟ್ಟು ಇವರಿಗೆ ಕೊಡದಿರುವುದು ಚೆನ್ನಾಗಿರುವುದಿಲ್ಲ. ಬಸಳೆ ಹೋಯಿತು. ಕನಕಾಂಬರ ಹೋಯಿತು. ಗೋರಂಟಿ ಕೇಳಿದ ಹುಡುಗಿಗೆ ಮುಂದಿನ ತಿಂಗಳು ಮದುವೆ. ಮಲ್ಲೇಶ್ವರದಿಂದ ಬಂದಿದ್ದ ಅಕ್ಕತಂಗಿಯರು ಇಲ್ಲಿ ಉಚಿತವಾಗಿ ಗಿಡ ಕೊಡುತ್ತಿದ್ದಾರಂತೆ ಎಂದು ಫೋನಿನಲ್ಲಿ ಯಾರಿಗೋ ಹೇಳುವುದು ಕೇಳಿಸಿತು. ಅಲ್ಲ ಎನ್ನೋಣವೆಂದು ಬಾಯಿ ತೆರೆದೆ. ಅವರು ನನ್ನನ್ನು ನೋಡಿ ಕೈಮುಗಿದರು. ನಾನೂ ಮುಗಿದೆ.

ಜನ ಸೇರಿದ ಕಡೆ ಅದನ್ನು ಸಾಲು ಮಾಡಲು ಬೆಂಗಳೂರಿನಲ್ಲಿ ಎಲ್ಲಿಂದಲೋ ಒಬ್ಬ ನಿವೃತ್ತರು ಬಂದೇ ಬರುತ್ತಾರೆ. ಇಲ್ಲೂ ಬಂದರು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಮಫ್ಲರ್ ರಾಯರು ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಒಂದೇ ಗಿಡ, ಹಿರಿಯರು ಮುಂದೆ ಬನ್ನಿ, ಚೀಲ ತರದವರು ಪಕ್ಕಕ್ಕೆ ನಿಲ್ಲಿ ಎಂದು ಎರಡು ನಿಮಿಷದಲ್ಲಿ ಸಂತೆಯನ್ನು ರೇಷನ್ ಅಂಗಡಿ ಮಾಡಿದರು. ಆಮೇಲೆ ನನ್ನ ಹತ್ತಿರ ಬಗ್ಗಿ, ಬಹಳ ಗೌರವದಿಂದ, ಇದು ಯಾವುದಾದರೂ ಟ್ರಸ್ಟಿನ ಕಡೆಯಿಂದಲೇ ಎಂದು ಕೇಳಿದರು.

ಹೂಂ ಎಂದೆ.

ಸಾಲಿನಲ್ಲಿ ಎಷ್ಟು ಜನ ಇದ್ದರೆಂದು ನಾನು ಎಣಿಸಲಿಲ್ಲ. ಬಸ್ ಸ್ಟಾಪಿನ ತನಕ ಇರಲಿಲ್ಲ ಎಂದು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಪಕ್ಕದ ಐಸ್‌ಕ್ರೀಮ್ ಗಾಡಿಯ ತನಕ ಇತ್ತು, ಅಷ್ಟೇ. ಕೊನೆಗೆ ಕಲ್ಲು, ಪೊರಕೆ, ಬಾಳೆ ಮೂರೇ ಉಳಿದವು. ಮಫ್ಲರ್ ರಾಯರು ತಾವು ಇಷ್ಟು ಹೊತ್ತು ಏನನ್ನೂ ತೆಗೆದುಕೊಳ್ಳಲಿಲ್ಲವೆಂದೂ, ಬಾಳೆಯನ್ನು ಸಂಜೆ ಆಟೋ ತಂದು ಒಯ್ಯುವುದಾಗಿಯೂ ಹೇಳಿ, ಗುರುತಿಗೆ ಅದರ ಕಾಂಡಕ್ಕೆ ತಮ್ಮ ಕರವಸ್ತ್ರ ಕಟ್ಟಿ ಹೋದರು.

ಮಕ್ಕಳು ಪಂಪು ಹಿಡಿದು ಓಡಿ ಬಂದಾಗ ಎರಡು ಗಂಟೆ. ತೋಟದ ಜಾಗದಲ್ಲಿ ಸಾಲಾಗಿ ಗುಂಡಿಗಳಿದ್ದವು. ಫೈಜಲ್ ಮೊದಲು ಪಕ್ಕದ ತೋಟವನ್ನು ನೋಡಿದ, ಬೇರೆ ಜಾಗಕ್ಕೆ ಬಂದೆವೇನೋ ಎಂದು. ಚೇತನ್ ಪಂಪನ್ನು ನಿಧಾನವಾಗಿ ನೆಲಕ್ಕಿಟ್ಟ. ಸ್ಫೂರ್ತಿ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಅಜ್ಜಿ, ತೋಟ ಎಲ್ಲಿ?”

“ಕೇಳಿದ್ರು ಕಣೇ.”

“ಕೇಳಿದ್ರೆ?”

ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ನಾಲ್ಕು ಗಂಟೆಗೆ ತೀರ್ಪುಗಾರರು, ಅವರ ಜೊತೆ ಅವಳಪ್ಪ, ಮನೆಯಲ್ಲಿ ಟೀವಿ ಪಕ್ಕ ಆ ಪುಸ್ತಕ. ನಾಲ್ಕು ತಿಂಗಳು ತಾವೇ ನೀರು ಹಾಕಿ ಬೆಳೆಸಿದ ಗಿಡಗಳು ಬಸವನಗುಡಿಯ ಬೀದಿಗಳಲ್ಲಿ ಚೀಲದೊಳಗೆ ಕೂತು ನಡೆಯುತ್ತಿದ್ದವು. ಜೀವಮಾನದಲ್ಲಿ ಮೊದಲ ಸಲ ನನಗೆ ನನ್ನ ತಲೆಯ ಮೇಲೆಯೇ ಕೋಪ ಬಂತು.

ದಾರಿ ತೋರಿಸಿದವನು ಫೈಜಲ್. ಗಿಡ ತೆಗೆದುಕೊಂಡವರೆಲ್ಲ ಮನೆಗೆ ಹೋಗಿರುವುದಿಲ್ಲ, ಪ್ರದರ್ಶನ ಇನ್ನೂ ನೋಡುತ್ತಿರುತ್ತಾರೆ, ಚುರುಮುರಿ ತಿನ್ನುತ್ತಿರುತ್ತಾರೆ, ವೇದಿಕೆಯ ಮೈಕಿನಲ್ಲಿ ಕೇಳಿದರೆ ತಂದುಕೊಡುತ್ತಾರೆ ಎಂದ. ಆದರೆ ಅವರು ನೋಡಿರುವುದು ನನ್ನ ಮುಖ. ಕೇಳಬೇಕಾದವಳೂ ನಾನೇ. ನನ್ನನ್ನು ಚೇತನ್ ಫೈಜಲ್ ಇಬ್ಬರೂ ಎರಡು ಕಡೆ ಹಿಡಿದು ವೇದಿಕೆ ಹತ್ತಿಸಿದರು. ನಾನು ಮೈಕಿನ ಮುಂದೆ ನಿಂತವಳಲ್ಲ. ಊರಿನ ಶಾಲೆಯಲ್ಲಿ ಇನ್ಸ್‌ಪೆಕ್ಟರು ಬಂದಾಗ ಮೇಷ್ಟ್ರು ನನ್ನನ್ನು ಎಬ್ಬಿಸಿ ಪದ್ಯ ಹೇಳು ಎಂದಿದ್ದರು. ಆಗ ನಾನು ಇನ್ಸ್‌ಪೆಕ್ಟರು ಊಟ ಮುಗಿಸಿ ಜೀಪು ಹತ್ತುವ ತನಕ ಬಾಯಿ ಬಿಡದೆ ನಿಂತಿದ್ದೆ. ಈಗ ಮೈದಾನದ ಅಷ್ಟೂ ಜನ ತಿರುಗಿ ನೋಡಿದರು. ಕೊಟ್ಟ ಗಿಡವನ್ನು ವಾಪಸು ಕೊಡಿ. ನಾಲ್ಕೇ ಮಾತು. ಕೊಟ್ಟದ್ದನ್ನು ತಿರುಗಿ ಕೇಳುವುದು ನಮ್ಮ ವಂಶದಲ್ಲಿ ಯಾರೂ ಮಾಡಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

“ಗಿಡ ತಗೊಂಡು ಹೋದೋರು...” ಎಂದೆ. ನನ್ನ ದನಿ ನಾಲ್ಕು ಮೂಲೆಯಿಂದ ನನಗೇ ಕೇಳಿ ಹೆದರಿಕೆಯಾಯಿತು. “ಸ್ವಲ್ಪ ನೀರು ಹಾಕಿ.”

ಜನ ಚಪ್ಪಾಳೆ ತಟ್ಟಿದರು. ಗಿಡ ಸಿಗದವರು ಇನ್ನೂ ಕೊಡುತ್ತಾರೇನೋ ಎಂದು ವೇದಿಕೆಯ ಕಡೆಗೆ ಹೊರಟರು.

ಆಗ ಸ್ಫೂರ್ತಿ ವೇದಿಕೆ ಹತ್ತಿ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. ನನ್ನನ್ನು ಒಂದು ಸಲ ನೋಡಿದಳು, ಆಮೇಲೆ ಜನರನ್ನು. “ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ನಿಮಗೆ ಕೊಟ್ಟಿದ್ದು ನಮ್ಮ ಪರೀಕ್ಷೆ. ಅದನ್ನ ನಾಲ್ಕು ಗಂಟೆ ಒಳಗೆ ತಂದ್ಕೊಡಿ. ನಿಮ್ಮ ಹೆಸರು ಬರೆದಿಡ್ತೀವಿ, ಆರು ಗಂಟೆಗೆ ಬನ್ನಿ, ನಿಮ್ಮ ಗಿಡ ನಿಮಗೇ. ಇದು ಸತ್ಯ.” ಇಷ್ಟೇ. ಅವಳ ದನಿ ಒಂದು ಸಲವೂ ನಡುಗಲಿಲ್ಲ. ಅವಳ ತಾತ ಬಾಗಿಲಲ್ಲಿ ನಿಂತು ಬೇಡಪ್ಪಾ ಅನ್ನುತ್ತಿದ್ದುದು ಥೇಟ್ ಹೀಗೇ.

ಬಂದರು ಮಕ್ಕಳೇ. ಎಲ್ಲರೂ ಅಲ್ಲ, ಮುಕ್ಕಾಲು ಪಾಲು ಬಂದರು. ಚೇತನ್ ಐಸ್‌ಕ್ರೀಮ್ ಗಾಡಿಯವನಿಂದ ಒಂದು ಹಿಡಿ ಕಡ್ಡಿ ತಂದು ಒಂದೊಂದರ ಮೇಲೂ ಹೆಸರು ಬರೆದು ಗಿಡದ ಬುಡಕ್ಕೆ ಸಿಕ್ಕಿಸಿದ. ಒಂದೆಲಗದ ಬುಡಕ್ಕೆ ‘ಶಾರದಮ್ಮ, ಗುಡಿ ಹಿಂದೆ’ ಎಂದು. ಮದುವೆಯ ಹುಡುಗಿ ಗೋರಂಟಿಯಿಂದ ಆಗಲೇ ಒಂದು ಹಿಡಿ ಎಲೆ ಕಿತ್ತುಕೊಂಡಿದ್ದಳು, ನಾಚಿಕೊಂಡು ಅದನ್ನೂ ತಂದಳು, ನಾವು ಬೇಡವೆಂದೆವು. ಮಫ್ಲರ್ ರಾಯರು ಮತ್ತೆ ಪ್ರತ್ಯಕ್ಷರಾಗಿ, ಈ ಸಲ ವಾಪಸು ಕೊಡುವವರ ಸಾಲು ಮಾಡಿದರು. ಮೂರೂವರೆಗೆ ಬೇಗನೆ ಬಂದ ಮಂಜುನಾಥನನ್ನು ಅವರು ಯಾರು ಏನು ಎಂದೇನೂ ವಿಚಾರಿಸದೆ, ಸುಮ್ಮನೆ ನಿಂತಿದೀರಲ್ಲ ಎಂದು ಅವನ ಕೈಗೆ ಎರಡು ಬಸಳೆ ಚೀಲ ಕೊಟ್ಟು ಗುಂಡಿಯ ಕಡೆ ಕಳಿಸಿದರು. ಬ್ಯಾಂಕಿನ ಬಿಳಿ ಅಂಗಿಯಲ್ಲಿ ಮಣ್ಣು ಮೆತ್ತಿಕೊಂಡು ಅವನು ಮಗಳು ಹೇಳಿದಲ್ಲಿ ಹೇಳಿದ ಹಾಗೆ ಇಟ್ಟ. ಎರಡು ಇಂಚು ಆಚೆಗೆ ಎಂದು ಅವಳು, ಆಯ್ತಮ್ಮಾ ಎಂದು ಅವನು.

ಈ ನಡುವೆ ನನಗೆ ತರಬೇತಿ ನಡೆಯಿತು. ಯಾರು ಬಂದು ಏನೇ ಕೇಳಲಿ, ಒಂದೇ ಮಾತು, ಇಲ್ಲ. ಚೇತನ್ ನೋಡಲು ಬಂದವನ ಹಾಗೆ ನಟಿಸಿ, ಅಜ್ಜಿ ಒಂದೇ ಒಂದು ಕಡ್ಡಿ ಎಂದ. ನಾನು ತಲೆಯಾಡಿಸಿದೆ. ಸ್ಫೂರ್ತಿ ಹಣೆ ಚಚ್ಚಿಕೊಂಡಳು. ಎರಡನೆಯ ಸಲ ಕತ್ತನ್ನು ಗಟ್ಟಿಯಾಗಿ ಹಿಡಿದುಕೊಂಡು ಇಲ್ಲ ಎಂದೆ. ಜೋರಾಗಿ ಎಂದಳು. ಇಲ್ಲ ಎಂದೆ. ನಾಲ್ಕನೆಯ ಸಲಕ್ಕೆ ನಾಲಿಗೆಗೆ ರುಚಿ ಹತ್ತಿತು. ಅರವತ್ತು ವರ್ಷದಿಂದ ಒಳಗೆ ಸೇರಿಕೊಂಡಿದ್ದ ಇಲ್ಲಗಳೆಲ್ಲ, ಹೋಳಿಗೆಯವು, ಊದುಬತ್ತಿಯವು, ಗಂಟಲ ಹತ್ತಿರ ಬಂದು ನೂಕಾಡಿದವು.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಕ್ಕಳು ಹಿಂದುಗಡೆ ಪಂಪಿಗೆ ತಂತಿ ಸೇರಿಸುತ್ತಿದ್ದರು. ಹತ್ತಿ ಸೀರೆಯುಟ್ಟು ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು ಒಂಟಿಯಾಗಿ ಬಂದು ಬಹಳ ಹೊತ್ತು ನೋಡಿದರು. ಆಮೇಲೆ ಕಾಲುವೆಯ ಬಳಿ ಬಗ್ಗಿ ಒಂದೆಲಗದ ಕಡೆ ಕೈ ಚಾಚಿದರು.

“ಅಮ್ಮಾ, ಒಂದು ಎಲೆ ತಗೋಬಹುದಾ?”

“ಇಲ್ಲ.”

ಅವರು ತಲೆಯೆತ್ತಿದರು. ಒಳಗೆ ಕಾಲಿಟ್ಟು ಆ ಕಲ್ಲನ್ನು ಹತ್ತಿರದಿಂದ ನೋಡಬಹುದೇ ಎಂದರು. ಇಲ್ಲ ಎಂದೆ. ಇದನ್ನು ಮಾಡಿದ ಮಕ್ಕಳು ಇದ್ದಾರೆಯೇ ಎಂದರು. ಎರಡು ಮಾರು ದೂರದಲ್ಲಿ ಮೂವರೂ ಕೂತಿದ್ದರು. ಇಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ಒಂದು ಎಲೆ ಒಂದು ಎಲೆ ಅಂತ್ಲೇ ಶುರು ಮಾಡಿ ಹಿತ್ತಲೇ ಖಾಲಿ ಮಾಡ್ತೀರ ನೀವೆಲ್ಲ. ಕೈ ತೆಗೀರಿ ಮೊದಲು” ಎಂದೂ ಅಂದುಬಿಟ್ಟೆ. ಅದು ನನ್ನ ಬಾಯೇ ಎಂದು ನನಗೇ ನಂಬಿಕೆಯಾಗಲಿಲ್ಲ. ಬಹಳ ಹಿತವಾಗಿತ್ತು.

ಆಕೆ ಚೀಲದಿಂದ ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಕಾಗದ, ಒಂದು ಪೆನ್ನು ತೆಗೆದರು. ಸದ್ದು ಕೇಳಿ ತಿರುಗಿದ ಸ್ಫೂರ್ತಿ ಕೈಯಲ್ಲಿದ್ದ ತಂತಿ ಬಿಟ್ಟಳು. “ಮೇಡಮ್” ಎಂದು ಓಡಿ ಬಂದಳು. ತೀರ್ಪುಗಾರರು ಗುಂಪಾಗಿ ಬ್ಯಾಡ್ಜು ಹಾಕಿಕೊಂಡು ಬರುತ್ತಾರೆಂದು ನಾನು ಎಣಿಸಿದ್ದೆ. ಇವರು ಮೊದಲೇ ಬಂದು ಸಾಮಾನ್ಯರ ಹಾಗೆ ನೋಡುವ ಪದ್ಧತಿಯವರಂತೆ. ಜೀವನದ ಮೊದಲನೆಯ ಇಲ್ಲವನ್ನು ಇಡೀ ಮೈದಾನದಲ್ಲಿ ಹೂಂ ಎನ್ನಲೇಬೇಕಾಗಿದ್ದ ಒಬ್ಬರೇ ಒಬ್ಬರಿಗೆ ಹುಡುಕಿ ಕೊಟ್ಟಿದ್ದೆ.

ಆಕೆ ಕಾಲುವೆಯ ಬಳಿಯಿಂದ ಎದ್ದರು. ಐಸ್‌ಕ್ರೀಮ್ ಕಡ್ಡಿಗಳ ಕಡೆ ಪೆನ್ನು ತೋರಿಸಿ, ಈ ಹೆಸರುಗಳು ನಿಮ್ಮ ನಕ್ಷೆಯಲ್ಲಿ ಇಲ್ಲವಲ್ಲ, ಇದು ಯಾವ ವಿನ್ಯಾಸ ಎಂದು ಕೇಳಿದರು. ಏನಾದರೂ ಚೆಂದದ ಸುಳ್ಳು ಹೇಳುವ ಸಮಯವದು. ಮಂಜುನಾಥ ಪಕ್ಕದಲ್ಲೇ ಕೈಯ ಮಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದ. ಸ್ಫೂರ್ತಿ ನನ್ನ ಕಡೆ ಬೆರಳು ತೋರಿಸಿದಳು.

“ಇದು ಡಿಸೈನಲ್ಲಿ ಇರ್ಲಿಲ್ಲ ಮೇಡಮ್. ಇದು ನಮ್ಮಜ್ಜಿ.”

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಆಕೆ ಬರೆದುಕೊಳ್ಳುತ್ತಾ ಹೋದರು. ನಡುವೆ ಒಂದು ಸಲ ಪೆನ್ನು ನಿಂತಿತು, ಕೆಮ್ಮಿನ ನೆಪದಲ್ಲಿ ಸೆರಗು ಬಾಯಿಗೆ ಹೋಯಿತು.

ಐದೂವರೆಗೆ ಫಲಿತಾಂಶ. ಮೊದಲನೆಯ ಬಹುಮಾನ ಜಲಪಾತವೂ ಸಿಮೆಂಟಿನ ನವಿಲೂ ಇದ್ದ ಪಕ್ಕದ ತೋಟಕ್ಕೆ ಹೋಯಿತು. ನಮ್ಮ ಮಕ್ಕಳಿಗೆ ಮೂರನೆಯದು. ಗಿಡ ಜೋಡಣೆಗೆ ಅಂಕ ಕಡಿಮೆ, ಏಕೆಂದರೆ ಅಲ್ಲಲ್ಲಿ ಗುಂಡಿ ಉಳಿದಿತ್ತು. ‘ನಿರ್ವಹಣೆ ಮತ್ತು ರಕ್ಷಣೆ’ ಎಂಬ ಕಾಲಮ್ಮಿನಲ್ಲಿ ಮಾತ್ರ ಪೂರ್ತಿ ಅಂಕ. ಮಂಜುನಾಥ ಆ ಹಾಳೆಯನ್ನು ಎರಡು ಸಲ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡ. ಫೋನಿನಲ್ಲಿ ಆಫೀಸಿನವರಾರಿಗೋ, ಬಸಳೆ ಯಾವ ಕಡೆ ಇಡಬೇಕು ಅನ್ನೋದಕ್ಕೂ ಒಂದು ಲೆಕ್ಕಾಚಾರ ಇರುತ್ತೆ ಕಣ್ರೀ, ಸುಮ್ನೆ ಅಲ್ಲ ಎಂದು ಹೇಳುತ್ತಿದ್ದ. ಮಾರನೆಯ ದಿನ ಟೀವಿ ಪಕ್ಕದ ಪುಸ್ತಕ ಕಾಣೆಯಾಗಿತ್ತು.

ಸ್ಫೂರ್ತಿ ಕಥೆಯನ್ನು ಇಲ್ಲಿಗೆ ಮುಗಿಸುತ್ತಾಳೆ. ಏಕೆಂದರೆ ಮುಂದಿನದು ಅವಳಿಗೆ ಗೊತ್ತಿಲ್ಲ. ಬಹುಮಾನ ತೆಗೆದುಕೊಳ್ಳಲು ಮೂವರೂ ವೇದಿಕೆಗೆ ಹೋಗಿದ್ದರು, ಮಂಜುನಾಥ ಫೋಟೋ ತೆಗೆಯಲು ಅವರ ಹಿಂದೆ ಹೋಗಿದ್ದ. ಕುರ್ಚಿಯ ಮೇಲೆ ಮತ್ತೆ ನಾನೊಬ್ಬಳೇ. ಆ ಹತ್ತಿ ಸೀರೆಯವರು ನಗುತ್ತಾ ಬಂದರು.

“ಹಿತ್ತಲು ಅಂದ್ಮೇಲೆ ಬೈಯೋಕೆ ಒಬ್ಬರು ಇರ್ಲೇಬೇಕು. ಬೇರೆ ಯಾವ ತೋಟದಲ್ಲೂ ನನಗೆ ಯಾರೂ ಬೈಲಿಲ್ಲ ಅಮ್ಮಾ” ಎಂದರು. ಆಮೇಲೆ ಮೆಲ್ಲಗೆ, “ಈಗ ತೀರ್ಪು ಮುಗೀತಲ್ಲ. ಒಂದೇ ಒಂದು ಕಡ್ಡಿ?”

ಮಕ್ಕಳ ಭವಿಷ್ಯ ಬರೆದ ಕೈ ಅದು. ಹೆದರಿಕೆಯೋ ಕೃತಜ್ಞತೆಯೋ, ಹಳೆಯ ಅಭ್ಯಾಸವೋ. ಒಂದೆಲಗದ ಚೀಲವನ್ನು ಚೀಲದ ಸಮೇತ ಎತ್ತಿ ಕೊಟ್ಟೆ. ಆಕೆ ಹೋದಮೇಲೆ ನೋಡಿದರೆ, ಖಾಲಿ ಗುಂಡಿಯ ಪಕ್ಕ ‘ಶಾರದಮ್ಮ, ಗುಡಿ ಹಿಂದೆ’ ಎಂಬ ಕಡ್ಡಿ ಒಂಟಿಯಾಗಿ ನಿಂತಿತ್ತು.

ಆರು ಗಂಟೆಗೆ ಜನ ಗಿಡ ಕೇಳಿಕೊಂಡು ಬರತೊಡಗಿದರು. ಬಟ್ಟೆ ಚೀಲ ದೂರದಲ್ಲೇ ಕಾಣಿಸಿತು. ನಾನು ಎದ್ದು ಬಾಳೆಯ ಹಿಂದೆ ಹೋಗಿ ನಿಂತೆ. ಎಲೆಗಳು ಅಗಲವಾಗಿದ್ದವು, ಉಸಿರು ಬಿಗಿಹಿಡಿದರೆ ಸಾಕು, ಶಾರದಮ್ಮ ಹುಡುಕಿ ಬೇಸತ್ತು ಹೋಗುತ್ತಾರೆ ಎಂದುಕೊಂಡೆ. ಅವರು ಗುಂಡಿ ನೋಡಿದರು, ಕಡ್ಡಿ ಓದಿದರು, ಸುತ್ತ ನೋಡಿದರು. ಅಷ್ಟರಲ್ಲಿ ಮಫ್ಲರ್ ರಾಯರು ಆಟೋದವನ ಜೊತೆ ಬಂದು, ಕರವಸ್ತ್ರದ ಗುರುತು ನೋಡಿ, ಆ ಕಡೆ ಹಿಡ್ಕೊಳ್ಳಪ್ಪಾ ಎಂದು ಬಾಳೆಯನ್ನು ಬುಡ ಸಮೇತ ಎತ್ತಿಕೊಂಡು ಹೊರಟುಹೋದರು.

ಶಾರದಮ್ಮ ನನ್ನನ್ನು ನೋಡಿದರು. ನಾನು ಇನ್ನೂ ಬಾಳೆಯ ಹಿಂದೆ ನಿಂತವಳ ಹಾಗೆಯೇ ನಿಂತಿದ್ದೆ.

“ನಮ್ಮ ಒಂದೆಲಗ?” ಎಂದರು.

ಮಧ್ಯಾಹ್ನವಿಡೀ ಕಲಿತ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ನಿಜವೂ ಆಗುತ್ತಿತ್ತು.

“ಅದೂ... ನಾಳೆ ನಮ್ಮನೆಗೇ ಬಂದ್ಬಿಡಿ, ಕೊಡ್ತೀನಿ” ಎಂದೆ. ಅವರು ಸಂತೋಷದಿಂದ ನಮ್ಮ ಮನೆ ಎಲ್ಲಿ ಎಂದು ಕೇಳಿದರು. ಅದನ್ನೂ ಹೇಳಿದೆ.